ಕಾಡನ್ನೇ ಪಾಠಶಾಲೆಯಾಗಿಸಿದ ಅಧ್ಯಾಪಕರು

ಗುರು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪೀಠ, ಪುಸ್ತಕ, ಕಪ್ಪುಹಲಗೆ ಇವುಗಳೇ. ವಿದ್ಯೆಯು ನಾಲ್ಕು ಗೋಡೆಗಳ ನಡುವೆಯೇ ಇರತಕ್ಕುದೆಂಬ ಭಾವನೆ ನಮ್ಮಲ್ಲಿ ಅಷ್ಟು ಬೇರೂರಿರುವುದು. ಆದರೆ ಸಸ್ಯಶಾಸ್ತ್ರವನ್ನು ಬೋಧಿಸುವಾತನಿಗೆ ಕಾಡೇ ಪಾಠಶಾಲೆ, ಕಾಲ್ನಡಿಗೆಯೇ ಅಧ್ಯಯನಕ್ರಮ ಎಂಬುದನ್ನು ಬಾಳಿ ತೋರಿಸಿದ ಮಹನೀಯರೊಬ್ಬರು ಕನ್ನಡಿಗರಲ್ಲಿ ಆಗಿಹೋದರು. ಅವರೇ ಡಾಕ್ಟರ್ ಬಿ. ಜಿ. ಎಲ್. ಸ್ವಾಮಿಯವರು. ಓದುವ ಮಕ್ಕಳುಳ್ಳ ಗೃಹಸ್ಥರು ಇವರ ವೃತ್ತಾಂತವನ್ನು ಅರಿತಿರುವುದು ಲೇಸೆಂದು ನಾವು ಬಗೆಯುವೆವು.

1918ರಲ್ಲಿ ಜನಿಸಿದ ಸ್ವಾಮಿಯವರು ‘ಮಂಕುತಿಮ್ಮನ ಕಗ್ಗ’ದ ಕರ್ತೃಗಳಾದ ಡಿ. ವಿ. ಗುಂಡಪ್ಪನವರ ಪುತ್ರರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಸಿಸಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಪಂಡಿತರೊಡನೆ ಸಂಶೋಧನೆ ನಡೆಯಿಸಿ, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದು, ಪ್ರಾಂಶುಪಾಲರೂ ಆದರು. 1980ರಲ್ಲಿ ದೈವಾಧೀನರಾದರು.

ಇಂತಹ ವಿದ್ವಾಂಸರು ಪ್ರಯೋಗಶಾಲೆಯಲ್ಲಿಯೇ ಕಾಲ ಕಳೆಯಬಹುದಾಗಿದ್ದಿತು. ಆದರೆ ಅವರು ವಿದ್ಯಾರ್ಥಿಗಳ ತಂಡವನ್ನು ಕಟ್ಟಿಕೊಂಡು ಸಹ್ಯಾದ್ರಿಯ ಕಾಡುಗಳಲ್ಲಿ ಅಲೆದರು. ಏತಕ್ಕೆ? ಒಂದು ಉದಾಹರಣೆಯಿಂದ ವಿಶದಪಡಿಸುವೆವು. ಅಮರಕೋಶವನ್ನು ಓದಿದ ವಟುವು ಹೂವು ತೋರದೆಯೇ ಕಾಯಿ ಬಿಡುವ ಮರಕ್ಕೆ ವನಸ್ಪತಿಯೆಂದು ಹೆಸರೆಂಬುದನ್ನು ಬಾಯಿಪಾಠವಾಗಿ ಒಪ್ಪಿಸುವನು. ಅತ್ತಿಮರವು ಇದಕ್ಕೆ ದೃಷ್ಟಾಂತ. ಆದರೆ ಎಳೆಯ ಅತ್ತಿಕಾಯಿಯೊಂದನ್ನು ಸೀಳಿ ನೋಡಿದರೆ, ಹೊರಗೆ ಕಾಣದ ಹೂವುಗಳೆಲ್ಲ ಸಾಸಿವೆಯಷ್ಟು ಸಣ್ಣವಾಗಿ ಒಳಗೇ ಕಿಕ್ಕಿರಿದಿರುವುವು. ತುದಿಯ ಕಿರುರಂಧ್ರದಿಂದ ಒಳಹೊಕ್ಕ ಪುಟ್ಟ ಕೀಟವೇ ಅವುಗಳಿಗೆ ಪರಾಗವನ್ನು ಮುಟ್ಟಿಸುವುದು. ಕೋಶವು ಹೆಸರನ್ನು ಕೊಟ್ಟಿತು. ತತ್ತ್ವವನ್ನು ಕೊಡಲು ಕಾಯಿಯೇ ಬೇಕಾಯಿತು. ಗಿಡದ ಬಳಿಗೆ ಹೋಗದೆ ಗಿಡದ ವಿದ್ಯೆ ಬಾರದು.

ಹೀಗೆ ನೇರವಾಗಿ ನೋಡುವ ಅಭ್ಯಾಸವು ಸ್ವಾಮಿಯವರಿಗೆ ಶಾಸ್ತ್ರದಲ್ಲಿಯೂ ಫಲ ಕೊಟ್ಟಿತು. ಹೂ ಬಿಡುವ ಗಿಡಗಳ ಮರಭಾಗದಲ್ಲಿ ನೀರನ್ನು ಮೇಲಕ್ಕೊಯ್ಯುವ ನಾಳಗಳು ಸಾಮಾನ್ಯವಾಗಿ ಇರುವುವು. ಸಾರ್ಕಾಂಡ್ರ ಎಂಬ ಕುಲದಲ್ಲಿ ಅವು ಕಾಣವೆಂದು ಸ್ವಾಮಿಯವರೂ ಬೈಲಿಯವರೂ 1950ರಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದ ಅಂತಹುದೇ ಗಿಡವೊಂದಕ್ಕೆ ಸ್ವಾಮಿಯವರು ಬೈಲಿಯವರ ಹೆಸರನ್ನೇ ಇಟ್ಟು ಗುರುದಕ್ಷಿಣೆಯನ್ನು ಸಲ್ಲಿಸಿದರು. ಮುಂದೆ 1987ರಲ್ಲಿ ಬೇರೊಬ್ಬ ಶಾಸ್ತ್ರಜ್ಞರು ಮತ್ತೂ ಸೂಕ್ಷ್ಮವಾಗಿ ಪರೀಕ್ಷಿಸಿ, ಆ ಕುಲದಲ್ಲಿಯೂ ನಾಳಗಳುಂಟೆಂದು ತಿಳಿಸಿದರು. ಇದರಿಂದ ಹಿಂದಿನವರ ಗೌರವಕ್ಕೆ ಕುಂದಿಲ್ಲ. ನೋಡಿದವನು ಮತ್ತೊಬ್ಬನಿಗೆ ನೋಡಲು ದಾರಿ ಮಾಡುವನು. ವಿದ್ಯೆಯು ಬೆಳೆಯುವುದು ಹೀಗೆಯೇ.

ಕಾಡಿನಿಂದ ತಂದುದನ್ನು ಅವರು ಪಂಡಿತರಿಗೆ ಮಾತ್ರ ಹಂಚಲಿಲ್ಲ. ಮದರಾಸಿನಲ್ಲಿದ್ದೂ ಕನ್ನಡದಲ್ಲಿ ಬರೆದರು. ವಿದ್ಯಾರ್ಥಿಗಳೊಡನೆ ಮಾಡಿದ ಸಸ್ಯಯಾತ್ರೆಗಳ ಕಥನವೇ ‘ಹಸುರು ಹೊನ್ನು’. ಅದರಲ್ಲಿ ಗಿಡದ ಲಕ್ಷಣದ ಪಕ್ಕದಲ್ಲಿಯೇ ಹುಡುಗರ ಚೇಷ್ಟೆಯುಂಟು, ಹಳೆಯ ಕಾವ್ಯಗಳ ನೆನಪುಂಟು, ಲೇಖಕರೇ ಬರೆದ ರೇಖಾಚಿತ್ರಗಳುಂಟು. ಈ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಲಭಿಸಿತು. ತಂದೆಯವರೂ 1967ರಲ್ಲಿ ಇದೇ ಪ್ರಶಸ್ತಿಗೆ ಪಾತ್ರರಾಗಿದ್ದರು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಇನ್ನೊಂದು ಗ್ರಂಥವು ಗೃಹಿಣಿಯರಿಗೂ ಪ್ರಿಯವಾಗತಕ್ಕುದು. ನಮ್ಮ ಸಾರಿಗೆ ಖಾರವನ್ನು ಕೊಡುವ ಮೆಣಸಿನಕಾಯಿಯೂ, ಪಲ್ಯದ ಆಲೂಗೆಡ್ಡೆಯೂ, ಕಡಲೆಕಾಯಿಯೂ ಸಮುದ್ರವನ್ನು ದಾಟಿ ಬಂದ ಅತಿಥಿಗಳೆಂಬುದನ್ನು ಅರಿತರೆ ಅಡುಗೆಮನೆಯೇ ಸಸ್ಯಶಾಸ್ತ್ರದ ತರಗತಿಯಾಗುವುದು.

ಇದರಿಂದ ಗೃಹಸ್ಥರು ಗ್ರಹಿಸತಕ್ಕುದೇನು? ಸುಮಾರು 1,600 ಕಿಲೋಮೀಟರು ಉದ್ದವಿರುವ ಪಶ್ಚಿಮ ಘಟ್ಟವು 2012ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಪಟ್ಟಿಯು ಗೌರವವನ್ನು ತರಬಲ್ಲುದು, ಪ್ರೀತಿಯನ್ನು ತರಲಾರದು. ಹೆಸರನ್ನೂ ಗುರುತನ್ನೂ ಅರಿಯದ ಮರವು ಕೊಡಲಿಗೆ ಬಿದ್ದಾಗ ಮರುಗುವವರಾರು? ಆದುದರಿಂದ ಬಿಡುವಿನ ದಿನ ಮಕ್ಕಳ ಕೈಹಿಡಿದು ಸಮೀಪದ ತೋಪಿಗೋ ಗುಡ್ಡಕ್ಕೋ ನಡೆಯಿರಿ. ಹೆಸರನ್ನು ಮೊದಲೇ ಹೇಳಬೇಡಿ. ಎಲೆಯನ್ನು ಮುಟ್ಟಲಿ, ಮೂಸಲಿ, ಬರೆದುಕೊಳ್ಳಲಿ. ಹೆಸರೇನೆಂದು ಅವರೇ ಕೇಳುವರು. ಪಾಠವನ್ನು ಆಗ ಆರಂಭಿಸಿರೆಂದು ನಮ್ಮ ವಿಜ್ಞಾಪನೆ.