ಟರ್ಕಿ ಕೋಳಿ ಇಲ್ಲದ ಕ್ರಿಸ್‌ಮಸ್ ಊಟ

ಉದ್ದನೆಯ ಮೇಜು, ನಡುವೆ ದೊಡ್ಡ ತಟ್ಟೆ, ಅದರ ಮೇಲೆ ಕೆಂಪಗೆ ಹುರಿದ ಇಡೀ ಹಕ್ಕಿ, ಪಕ್ಕದಲ್ಲಿ ಚೂರಿ ಹಿಡಿದು ನಿಂತ ಮನೆಯ ಯಜಮಾನ. ಕ್ರಿಸ್‌ಮಸ್ ಊಟ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಇದು. ಇಂಗ್ಲಿಷ್ ಕಾದಂಬರಿಗಳು, ಹಾಲಿವುಡ್ ಸಿನಿಮಾಗಳು, ಶುಭಾಶಯ ಪತ್ರಗಳು ಸೇರಿ ಈ ಚಿತ್ರವನ್ನು ತಲೆಯಲ್ಲಿ ಕೂರಿಸಿವೆ. ಆದರೆ ಕೋಟ್ಯಂತರ ಕ್ರೈಸ್ತರ ಹಬ್ಬದೂಟದಲ್ಲಿ ಟರ್ಕಿ ಕೋಳಿಗೆ ಜಾಗವೇ ಇಲ್ಲ. ಅದಿಲ್ಲದೆ ಹಬ್ಬವೇ ಇಲ್ಲ ಎನ್ನುವ ಬ್ರಿಟನ್ನಿನಲ್ಲೂ 2022ರಲ್ಲಿ ಸಂಕಟ ಎದುರಾಯಿತು. ಹಕ್ಕಿಜ್ವರ ಹರಡಿ, ಹಬ್ಬಕ್ಕೆಂದು ಬಯಲಿನಲ್ಲಿ ಬಿಟ್ಟು ಸಾಕಿದ ಟರ್ಕಿಗಳಲ್ಲಿ ಸುಮಾರು ಅರ್ಧದಷ್ಟು ರೋಗದಿಂದ ಸತ್ತಿವೆ ಇಲ್ಲವೇ ಕೊಲ್ಲಲ್ಪಟ್ಟಿವೆ ಎಂದು ಅಲ್ಲಿನ ಕೋಳಿ ಉದ್ಯಮದ ಪ್ರತಿನಿಧಿಗಳು ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಟರ್ಕಿ ಸಿಗದಿದ್ದರೆ ಬದಲಿಗೆ ಏನು ಎಂಬುದು ಆ ವರ್ಷ ಮನೆಮನೆಯ ಪ್ರಶ್ನೆಯಾಯಿತು.

ತಮಾಷೆಯೆಂದರೆ, ಟರ್ಕಿಯೇ ಒಂದು ಬದಲಿ. ಬೇರೊಂದು ಹಕ್ಕಿಯ ಜಾಗಕ್ಕೆ ತಡವಾಗಿ ಬಂದು ಕೂತದ್ದು ಅದು.

ಟರ್ಕಿಗೂ ಟರ್ಕಿ ದೇಶಕ್ಕೂ ಸಂಬಂಧವಿಲ್ಲ. ಅದು ಅಮೆರಿಕ ಖಂಡದ ಹಕ್ಕಿ. ಮೆಕ್ಸಿಕೊದ ಮೂಲನಿವಾಸಿಗಳು ಎರಡು ಸಾವಿರ ವರ್ಷಗಳಿಗೂ ಹಿಂದೆ ಅದನ್ನು ಪಳಗಿಸಿದ್ದರು. ಸ್ಪೇನಿನವರು ಹದಿನಾರನೆಯ ಶತಮಾನದ ಆರಂಭದಲ್ಲಿ ಯೂರೋಪಿಗೆ ತಂದರು. ತುರ್ಕಿ ವರ್ತಕರ ಮೂಲಕ ಬರುತ್ತಿದ್ದ ಗಿನಿ ಕೋಳಿಯ ಜತೆ ಗೊಂದಲವಾಗಿ ಇಂಗ್ಲಿಷರು 'ಟರ್ಕಿ' ಎಂದರು. ತುರ್ಕರೋ ಅದನ್ನು 'ಹಿಂದಿ' ಎನ್ನುತ್ತಾರೆ, ಅಂದರೆ ಹಿಂದೂಸ್ತಾನದ್ದು! ಫ್ರೆಂಚರ ಹೆಸರಿನ ಅರ್ಥವೂ 'ಭಾರತದ್ದು' ಎಂದೇ. ಡಚ್ಚರು ಇನ್ನೂ ಮುಂದೆ ಹೋಗಿ ಊರನ್ನೇ ಗೊತ್ತುಮಾಡಿದರು. ಅವರ 'ಕಾಲ್ಕುನ್' ಎಂಬ ಹೆಸರು ಹುಟ್ಟಿದ್ದು ನಮ್ಮ ಪಡುವಣ ಕರಾವಳಿಯ ಕಲ್ಲಿಕೋಟೆಯಿಂದ. ಕೊಲಂಬಸ್ ಮಾಡಿದ ಭೂಗೋಳದ ತಪ್ಪು ಒಂದು ಹಕ್ಕಿಯ ಹೆಸರಿನಲ್ಲಿ ಇಂದಿಗೂ ಉಳಿದುಕೊಂಡಿದೆ.

ನಿಜವಾಗಿ ಭಾರತಕ್ಕೆ ಈ ಹಕ್ಕಿಯನ್ನು ತಂದವರು ಪೋರ್ಚುಗೀಸರು. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವೆಯಿಂದ ಕೆಲವು ಅಪರೂಪದ ಪ್ರಾಣಿಪಕ್ಷಿಗಳನ್ನು ಕೊಂಡು ಜಹಾಂಗೀರ್ ಬಾದಶಹನಿಗೆ ಒಪ್ಪಿಸಿದ. ಅವುಗಳಲ್ಲಿ ಟರ್ಕಿಯೂ ಒಂದು. ಊಸರವಳ್ಳಿಯಂತೆ ಬಣ್ಣ ಬದಲಿಸುವ ಅದರ ತಲೆ, ಕೊರಳನ್ನು ಕಂಡು ಬೆರಗಾದ ಬಾದಶಹ ತನ್ನ ಆತ್ಮಕಥೆಯಲ್ಲಿ ಅದನ್ನು ವರ್ಣಿಸಿದ. ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದ ಆ ಹಕ್ಕಿಯ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ನೋಡಿ ಮೆಚ್ಚಿದ್ದಾಯಿತು, ಚಿತ್ರವೂ ಆಯಿತು. ಆದರೆ ನಮ್ಮ ಅಡುಗೆಮನೆಗಳಲ್ಲಿ ಟರ್ಕಿ ನೆಲೆಯೂರಲಿಲ್ಲ.

ಇಂಗ್ಲೆಂಡಿನಲ್ಲಿ ಬಹುಕಾಲ ಸಾಮಾನ್ಯರ ಕ್ರಿಸ್‌ಮಸ್ ಹಕ್ಕಿ ಹೆಬ್ಬಾತು. ಅದಕ್ಕೂ ಹಿಂದೆ ಶ್ರೀಮಂತರ ಮನೆಗಳಲ್ಲಿ ಕಾಡುಹಂದಿಯ ತಲೆ, ಹಂಸ, ನವಿಲುಗಳ ದರ್ಬಾರು. ಹೆಬ್ಬಾತನ್ನು ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಲಾಗದ ಕೂಲಿಕಾರರು ಹತ್ತೊಂಬತ್ತನೆಯ ಶತಮಾನದಲ್ಲಿ 'ಹೆಬ್ಬಾತು ಕ್ಲಬ್ಬು' ಸೇರುತ್ತಿದ್ದರು. ಹೆಚ್ಚಾಗಿ ಹೆಂಡದಂಗಡಿಯವನೇ ನಡೆಸುತ್ತಿದ್ದ ಈ ಕ್ಲಬ್ಬಿಗೆ ವಾರವಾರ ಕೆಲವು ಪೆನ್ನಿ ಕಟ್ಟಿದರೆ ಹಬ್ಬದ ಹೊತ್ತಿಗೆ ಒಂದು ಹಕ್ಕಿ ಕೈಗೆ ಬರುತ್ತಿತ್ತು. ನಮ್ಮ ಪಟಾಕಿ ಚೀಟಿ, ಹೊಸತೊಡಕಿನ ಮಾಂಸದ ಚೀಟಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಷರ್ಲಾಕ್ ಹೋಮ್ಸನ ಒಂದು ಪತ್ತೇದಾರಿ ಕಥೆ ನಡೆಯುವುದೇ ಇಂಥ ಕ್ಲಬ್ಬಿನ ಹೆಬ್ಬಾತಿನ ಸುತ್ತ.

ಹಕ್ಕಿ ಬಂದರೆ ಸಾಲದು, ಅದನ್ನು ಬೇಯಿಸಬೇಕಲ್ಲ? ಬಡವರ ಮನೆಯಲ್ಲಿ ಬೆಂಕಿಗೂಡು ಇತ್ತೇ ಹೊರತು ಒಲೆಗೂಡು ಇರಲಿಲ್ಲ. ಹಬ್ಬದ ದಿನ ಬ್ರೆಡ್ ಸುಡದೆ ಖಾಲಿ ಇರುತ್ತಿದ್ದ ಬೇಕರಿಯ ಗೂಡಿಗೆ ಬೀದಿಯವರೆಲ್ಲ ತಮ್ಮ ತಮ್ಮ ಹೆಬ್ಬಾತು ಕೊಟ್ಟು, ಕಾಸು ತೆತ್ತು ಬೇಯಿಸಿ ತರುತ್ತಿದ್ದರು. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ 'ಎ ಕ್ರಿಸ್‌ಮಸ್ ಕ್ಯಾರೊಲ್' ಕಥೆಯ ಬಡ ಗುಮಾಸ್ತ ಬಾಬ್ ಕ್ರ್ಯಾಚಿಟ್ ಮನೆಯಲ್ಲೂ ಊಟಕ್ಕೆ ಹೆಬ್ಬಾತೇ. ಮನಸ್ಸು ಬದಲಾದ ಜಿಪುಣ ಸ್ಕ್ರೂಜ್ ಕೊನೆಗೆ ಆ ಮನೆಗೆ ಕಳಿಸುವುದು ಮಾತ್ರ ಅಂಗಡಿಯಲ್ಲಿದ್ದ ಅತಿ ದೊಡ್ಡ ಟರ್ಕಿಯನ್ನು. ಆ ಕಾಲದ ಓದುಗನಿಗೆ ಇದರ ಅರ್ಥ ಸ್ಪಷ್ಟ. ಹೆಬ್ಬಾತು ಬಡವನದು, ಟರ್ಕಿ ಉಳ್ಳವನದು.

ಆ ಟರ್ಕಿಗಳಾದರೂ ಲಂಡನ್ನಿಗೆ ಬರುತ್ತಿದ್ದದ್ದು ಹೇಗೆ? ರೈಲು ಬರುವ ಮೊದಲು ಅವು ನಾರ್ಫೋಕ್, ಸಫೋಕ್ ಪ್ರಾಂತಗಳಿಂದ ನಡೆದೇ ಬರುತ್ತಿದ್ದವು! ಒಂದೊಂದು ಹಿಂಡಿನಲ್ಲಿ 300ರಿಂದ 1,000 ಹಕ್ಕಿಗಳಿರುತ್ತಿದ್ದವೆಂದು ಲೇಖಕ ಡೇನಿಯಲ್ ಡೀಫೊ 1720ರ ದಶಕದಲ್ಲೇ ಬರೆದಿದ್ದಾನೆ. ಟರ್ಕಿ ಎಲ್ಲರ ಕೈಗೆಟುಕಿದ್ದು ಎರಡನೆಯ ಮಹಾಯುದ್ಧದ ನಂತರ, ಸಾವಿರಾರು ಹಕ್ಕಿಗಳನ್ನು ಒಟ್ಟಿಗೆ ಸಾಕುವ ಕೊಟ್ಟಿಗೆಗಳೂ ಶೀತಲ ಪೆಟ್ಟಿಗೆಗಳೂ ಬಂದ ಮೇಲೆ. ಅಜ್ಜಿಯ ಕಾಲದ ಸಂಪ್ರದಾಯ ಎಂದು ಇಂಗ್ಲಿಷರು ಹೇಳಿಕೊಳ್ಳುವ ಊಟ ಅಲ್ಲಿನ ಸಾಮಾನ್ಯನ ಮನೆಗೆ ಬಂದು ಮುಕ್ಕಾಲು ಶತಮಾನವಾಗಿದೆ, ಅಷ್ಟೆ. ಹಬ್ಬದ ತಟ್ಟೆಯನ್ನು ತುಂಬುವುದು ಧರ್ಮಗ್ರಂಥವಲ್ಲ. ಜೇಬು, ಸುತ್ತಲಿನ ನೆಲ ಮತ್ತು ಉಪವಾಸದ ಕಟ್ಟಳೆ.

ಈ ಮೂರನೆಯದು, ಅಂದರೆ ಉಪವಾಸ, ಟರ್ಕಿಯ ಗದ್ದಲದಲ್ಲಿ ಮರೆತೇಹೋಗಿದೆ. ಹಳೆಯ ಕ್ರೈಸ್ತ ಪದ್ಧತಿಯಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ದಿನಗಳು ವ್ರತದ ದಿನಗಳು. ಡಿಸೆಂಬರ್ 24ರ ರಾತ್ರಿಯೂ ಮಾಂಸ ನಿಷಿದ್ಧ. ಆದರೆ ಮೀನು ಮಾಂಸವಲ್ಲ ಎಂದು ಚರ್ಚು ಒಪ್ಪಿತ್ತು. 24ರ ರಾತ್ರಿಯ ಊಟವೇ ಮುಖ್ಯವಾಗಿರುವ ದೇಶಗಳಲ್ಲಿ ಮೀನು ಮೇಜಿನ ರಾಜನಾದದ್ದು ಹೀಗೆ. ಪೋರ್ಚುಗಲ್ಲಿನಲ್ಲಿ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಪೋಲೆಂಡಿನಲ್ಲಿ ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಮಾಂಸವಿಲ್ಲದ ಹನ್ನೆರಡು ಬಗೆಯ ಊಟ, ಅನಿರೀಕ್ಷಿತ ಅತಿಥಿಗೆಂದು ಒಂದು ಖಾಲಿ ಕುರ್ಚಿ.

ಜೆಕ್ ದೇಶದ್ದು ಇನ್ನೂ ಸ್ವಾರಸ್ಯದ ಕಥೆ. ಅಲ್ಲಿನ ಹಬ್ಬದ ಊಟ ಗೆಂಡೆ ಮೀನು. ನಮ್ಮ ಮೀನುಗಾರಿಕೆ ಇಲಾಖೆಯವರು ಕೆರೆಗಳಿಗೆ ಬಿಡುವ 'ಸಾಮಾನ್ಯ ಗೆಂಡೆ'ಯೇ ಅದು. ಸಮುದ್ರವೇ ಇಲ್ಲದ ದೇಶ. ಮೀನು ಬೇಕೆಂದರೆ ಕೆರೆಯೇ ಗತಿ. ದಕ್ಷಿಣ ಬೊಹೆಮಿಯಾದ ತ್ರೆಬೊನ್ ಸುತ್ತಮುತ್ತ ಮಧ್ಯಯುಗದಿಂದಲೇ ಜವುಗು ನೆಲವನ್ನು ಕಟ್ಟೆ ಹಾಕಿ ಮೀನಿನ ಕೆರೆಗಳನ್ನಾಗಿ ಮಾಡಿದರು. ಅವುಗಳಲ್ಲಿ ಅತಿ ದೊಡ್ಡದಾದ ರೋಜ್‌ಂಬರ್ಕ್ ಕೆರೆಯನ್ನು ಯಾಕುಬ್ ಕರ್ಚಿನ್ ಎಂಬಾತ 1584ರಿಂದ 1590ರವರೆಗೆ ಕಟ್ಟಿಸಿದ. ಶರತ್ಕಾಲದಲ್ಲಿ ಕೆರೆಗಳ ನೀರು ಬಸಿದು, ಮೂರು ನಾಲ್ಕು ವರ್ಷ ಬೆಳೆದ ಗೆಂಡೆಗಳನ್ನು ಬಲೆ ಹಾಕಿ ಎತ್ತುತ್ತಾರೆ. ಡಿಸೆಂಬರ್ ಮೂರನೆಯ ವಾರ ಪ್ರಾಗ್ ನಗರದ ಬೀದಿಬದಿಗಳಲ್ಲಿ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಅವುಗಳನ್ನು ಜೀವಂತ ಮಾರುತ್ತಾರೆ.

ಹಲವು ಮನೆಗಳಲ್ಲಿ ಆ ಮೀನನ್ನು ತಂದು ಸ್ನಾನದ ತೊಟ್ಟಿಯಲ್ಲಿ ಬಿಡುತ್ತಿದ್ದರು. ಶುದ್ಧ ನೀರಿನಲ್ಲಿದ್ದರೆ ಕೆಸರಿನ ವಾಸನೆ ಹೋಗುತ್ತದೆ ಎಂಬುದು ಕಾರಣ. ಅಷ್ಟು ದಿನ ಮನೆಮಂದಿಯ ಸ್ನಾನಕ್ಕೆ ರಜೆ! ಕಷ್ಟ ಇರುವುದು ಮಕ್ಕಳಿಂದ. ಅವು ಮೀನಿಗೆ ಹೆಸರಿಡುತ್ತವೆ, ಮಾತಾಡಿಸುತ್ತವೆ. 24ನೇ ತಾರೀಖು ಅಪ್ಪ ಚೂರಿ ಹಿಡಿದು ಬಂದರೆ ಅಳುವೋ ಅಳು. ಕೊನೆಗೆ ಎಷ್ಟೋ ಕುಟುಂಬಗಳು ಮೀನನ್ನು ನದಿಗೆ ಬಿಟ್ಟು ಬರುತ್ತಿದ್ದವು. ಕೆರೆಯಲ್ಲಿ ಬೆಳೆದದ್ದು ಚಳಿಗಾಲದ ನದಿಯಲ್ಲಿ ಬದುಕುವುದು ಕಷ್ಟ, ಇದು ಕರುಣೆಯಲ್ಲ ಎಂದು ಪಶುವೈದ್ಯರು ಎಚ್ಚರಿಸುತ್ತ ಬಂದಿದ್ದಾರೆ. ಈಗ ಹೆಚ್ಚಿನವರು ತೊಟ್ಟಿಯ ಬಳಿಯೇ ಕೊಯ್ಯಿಸಿ ತರುತ್ತಾರೆ. ತಲೆಯಿಂದ ಸಾರು, ತುಂಡುಗಳನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದರೆ ಊಟ, ಜತೆಗೆ ಆಲೂಗಡ್ಡೆ ಸಲಾಡು. ಒಂದು ಹುರುಪೆಯನ್ನು ಪರ್ಸಿನಲ್ಲಿಟ್ಟುಕೊಂಡರೆ ವರ್ಷವಿಡೀ ದುಡ್ಡಿಗೆ ಬರವಿಲ್ಲ ಎಂಬ ನಂಬಿಕೆಯೂ ಉಂಟು.

ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರ ವ್ರತ ಇನ್ನೂ ಕಠಿಣ. ಅವರ ಕ್ರಿಸ್‌ಮಸ್ ಬರುವುದು ಜನವರಿ 7ರಂದು. ಅದಕ್ಕೆ ಮುಂಚೆ 43 ದಿನ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಅಷ್ಟು ದಿನದ ನಂತರ 'ದೊರೊ ವಾಟ್' ಎಂಬ ಖಾರದ ಕೋಳಿ ಸಾರು, ಅದರಲ್ಲಿ ಬೇಯಿಸಿದ ಇಡೀ ಮೊಟ್ಟೆ. ನೆಂಚಿಕೊಳ್ಳಲು ಹುದುಗು ಬಂದ ತೆಫ್ ಹಿಟ್ಟಿನ 'ಇಂಜೆರಾ', ನಮ್ಮ ದೋಸೆಯ ದೂರದ ನಂಟನಂತೆ. 43 ದಿನ ಬಿಟ್ಟಿದ್ದವನಿಗೆ ಆ ಕೋಳಿ ಸಾರಿನ ರುಚಿ ಹೇಗಿರಬಹುದು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ವ್ರತವೂ ಇಲ್ಲದೆ, ಹಳೆಯ ಪದ್ಧತಿಯೂ ಇಲ್ಲದೆ, ಬರೀ ಜಾಹೀರಾತಿನಿಂದ ಹುಟ್ಟಿದ ಕ್ರಿಸ್‌ಮಸ್ ಊಟವೂ ಒಂದಿದೆ. ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರು ಮಾತ್ರ. ಡಿಸೆಂಬರ್ 25 ಅಲ್ಲಿ ರಜೆಯೂ ಅಲ್ಲ. ಆದರೂ ಆ ದಿನಗಳಲ್ಲಿ ಕೆಂಟಕಿ ಫ್ರೈಡ್ ಚಿಕನ್ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ. ವಾರಗಟ್ಟಲೆ ಮೊದಲೇ ಬೇಡಿಕೆ ಸಲ್ಲಿಸುವವರಿದ್ದಾರೆ. 1970ರಲ್ಲಿ ನಗೋಯಾದಲ್ಲಿ ಮೊದಲ ಅಂಗಡಿ ತೆರೆದ ಕಂಪನಿ 1974ರಲ್ಲಿ 'ಕ್ರಿಸ್‌ಮಸ್‌ಗೆ ಕೆಂಟಕಿ' ಎಂಬ ಪ್ರಚಾರವನ್ನು ದೇಶದಾದ್ಯಂತ ನಡೆಸಿತು. ಇದರ ಹುಟ್ಟಿನ ಬಗ್ಗೆ ಎರಡು ಕಥೆಗಳಿವೆ. ಟರ್ಕಿ ಸಿಗದ ವಿದೇಶಿ ಗಿರಾಕಿಯೊಬ್ಬರು ಕೋಳಿಯಲ್ಲೇ ಹಬ್ಬ ಮಾಡುತ್ತೇನೆಂದು ಹೇಳಿದ್ದು ನೌಕರರ ಕಿವಿಗೆ ಬಿತ್ತು ಎಂಬುದು ಒಂದು. ಮೊದಲ ಅಂಗಡಿಯ ವ್ಯವಸ್ಥಾಪಕರಾಗಿದ್ದ ತಾಕೇಶಿ ಒಕಾವಾರ ಹೇಳಿದ್ದು ಇನ್ನೊಂದು. ಶಿಶುವಿಹಾರವೊಂದರ ಹಬ್ಬಕ್ಕೆ ಸಾಂತಾ ವೇಷದಲ್ಲಿ ಹೋಗಿದ್ದರಿಂದ ಈ ಉಪಾಯ ಹೊಳೆಯಿತು; ಪಶ್ಚಿಮದಲ್ಲಿ ಕರಿದ ಕೋಳಿ ತಿನ್ನುವ ಪದ್ಧತಿ ಇದೆಯೇ ಎಂದು ಟಿ.ವಿ.ಯವರು ಕೇಳಿದಾಗ ಹೌದೆಂದು ಸುಳ್ಳು ಹೇಳಿಬಿಟ್ಟೆ ಎಂದು ಅವರು ಬಹಳ ವರ್ಷಗಳ ನಂತರ ಒಪ್ಪಿಕೊಂಡರು. ಕಂಪನಿ ನೆಚ್ಚಿಕೊಳ್ಳುವುದು ಸಹಜವಾಗಿಯೇ ಮೊದಲ ಕಥೆಯನ್ನು. ಇಡೀ ಟರ್ಕಿ ಹಿಡಿಸುವ ಒಲೆಗೂಡು ಜಪಾನಿನ ಪುಟ್ಟ ಅಡುಗೆಮನೆಗಳಲ್ಲಿ ಇರಲಿಲ್ಲ ಎಂಬುದು ಯಾವ ಕಥೆಗೂ ಹೊರತಾದ ಸತ್ಯ. ಆಗ ಅದನ್ನು ತಿಂದ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ, ಅವರ ಮಟ್ಟಿಗೆ ಅದು ಸಂಪ್ರದಾಯವೇ.

ಜಹಾಂಗೀರನಿಗೆ ಟರ್ಕಿ ಹೋದದ್ದು ಗೋವೆಯಿಂದ ಎಂದೆವಲ್ಲ, ಅದೇ ಗೋವೆಯಿಂದ ಹದಿನಾರರಿಂದ ಹದಿನೆಂಟನೆಯ ಶತಮಾನದ ನಡುವೆ ಬೇರೆ ಬೇರೆ ಕಾಲದಲ್ಲಿ ಕೊಂಕಣಿ ಕ್ರೈಸ್ತರು ದಕ್ಷಿಣ ಕನ್ನಡಕ್ಕೆ ಬಂದು ನೆಲೆಸಿದರು. ಅವರ ಹಬ್ಬದೂಟಕ್ಕೆ ಒಗ್ಗಿದ್ದು ಹಂದಿಮಾಂಸ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ ಬೆರೆಸಿದ ಬಾಫತ್ ಪುಡಿ ಹಾಕಿ ಮಾಡುವ 'ಡುಕ್ರಾ ಮಾಸ್' ಮತ್ತು ಅದರ ಜತೆಗೆ ಸಾನ್ನಾ. ಇಡ್ಲಿಯ ಅಕ್ಕತಂಗಿಯಂತಿರುವ ಸಾನ್ನಾದ ಹಿಟ್ಟನ್ನು ಹಿಂದೆ ಹುಳಿ ಬರಿಸುತ್ತಿದ್ದುದು ಶೇಂದಿಯಿಂದ. ತಾಜಾ ಶೇಂದಿ ಸುಲಭಕ್ಕೆ ಸಿಗದ ಕಡೆ ಈಗ ಅಂಗಡಿಯ ಯೀಸ್ಟ್ ಹಾಕುತ್ತಾರೆ. ರುಚಿ ಒಂದೇ ಎಂದು ಹಳಬರ ಮುಂದೆ ಹೇಳುವ ಧೈರ್ಯ ಮಾತ್ರ ಮಾಡಬಾರದು.

ಮಾಂಸದಡುಗೆ ಮನೆಯೊಳಗಿನದು. ನೆರೆಹೊರೆಗೆ ಹೋಗುವುದು ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ. ಕರ್ಜಿಕಾಯಿಯನ್ನು ಹೋಲುವ ನೆವ್ರ್ಯೊ, ಅಚ್ಚಿನಲ್ಲಿ ಅದ್ದಿ ಕರಿಯುವ ಕೊಕ್ಕಿಸಾಂ, ಚಕ್ಕುಲಿ, ಫೋರ್ಕಿನ ಮೇಲೆ ಉರುಳಿಸಿ ಗೆರೆ ಮೂಡಿಸುವ ಪುಟ್ಟ ಕಿಡ್ಯೊ. ಕೊಂಕಣಿಯಲ್ಲಿ ಕಿಡ್ಯೊ ಎಂದರೆ ಹುಳುಗಳು. ಹೆಸರು ಕೇಳಿ ಹೆದರಬೇಕಿಲ್ಲ. ವಾರ ಮೊದಲೇ ಮನೆಮಂದಿಯೆಲ್ಲ ಕೂತು ಇವನ್ನು ಮಾಡಿ, ಹಬ್ಬದ ಹೊತ್ತಿಗೆ ಹಿಂದೂ, ಮುಸ್ಲಿಂ ಮನೆಗಳಿಗೂ ಹಂಚುತ್ತಾರೆ. ಇನ್ನು ಉಳಿದ ಡುಕ್ರಾ ಮಾಸ್ ಮಾರನೆಯ ದಿನ, 26ರಂದು, ಮತ್ತೆ ಬಿಸಿಯಾಗಿ ಮೇಜಿಗೆ ಬರುತ್ತದೆ. ಮಸಾಲೆ ಚೆನ್ನಾಗಿ ಹಿಡಿದಿರುವುದರಿಂದ ಅಂದಿನ ಸಾರೇ ಹೆಚ್ಚು ರುಚಿ ಎಂದು ಅದಕ್ಕಾಗಿಯೇ ಕಾಯುವವರೂ ಇದ್ದಾರೆ.