ಕೊಡುವ ಮುನ್ನ ಒಂದು ನಕ್ಷೆ



ಹಬ್ಬ ಹತ್ತಿರವಾದಂತೆ ನಮ್ಮ ಕೈಗಳು ಸಹಜವಾಗಿ ತೆರೆದುಕೊಳ್ಳುತ್ತವೆ. ಸೀರೆ, ಕಂಬಳಿ, ನೋಟ್‌ಬುಕ್, ಅಕ್ಕಿ ಹಂಚುತ್ತೇವೆ. ಆದರೆ ಒಂದೇ ಕೇರಿಯ ಮಕ್ಕಳಿಗೆ ಮೂರು ಕಡೆಯಿಂದ ನೋಟ್‌ಬುಕ್ ಸಿಕ್ಕಿ, ಹಳ್ಳದಾಚೆಯ ಹಟ್ಟಿಯ ಮಕ್ಕಳಿಗೆ ಒಂದೂ ಸಿಗದೆ ಹೋಗುವುದುಂಟು. ಕೊಟ್ಟವರ ಮನಸ್ಸಿನಲ್ಲಿ ಕೊರತೆಯಿಲ್ಲ. ಯಾರು ಎಲ್ಲಿ ಏನು ಕೊಡುತ್ತಿದ್ದಾರೆ ಎಂಬ ತಿಳಿವು ಮಾತ್ರ ಇಲ್ಲ.

ಈ ತಿಳಿವಿಗಾಗಿ ಅನುದಾನ ನೀಡುವ ಸಂಸ್ಥೆಗಳು ಇಂದು 'ಇಕೋಸಿಸ್ಟಮ್ ಮ್ಯಾಪಿಂಗ್' ಎಂಬ ಕ್ರಮವನ್ನು ಬಳಸುತ್ತವೆ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಒಂದು ಸಮಸ್ಯೆಯ ಸುತ್ತ ಯಾರ್ಯಾರಿದ್ದಾರೆ, ಅವರ ನಡುವೆ ಹಣ, ಮಾಹಿತಿ, ಅಧಿಕಾರ ಹೇಗೆ ಹರಿಯುತ್ತವೆ, ಎಲ್ಲಿ ನಿಂತುಹೋಗುತ್ತವೆ ಎಂಬುದನ್ನು ಬರೆದು ನೋಡುವುದೇ ಇದು.

ಇದರ ಹಳ್ಳಿಯ ರೂಪ ಇನ್ನೂ ಸರಳ. ಗ್ರಾಮೀಣ ಸಹಭಾಗಿ ಸಮೀಕ್ಷೆ ಮಾಡುವವರು ಅದನ್ನು ತಮಾಷೆಯಾಗಿ 'ಚಪಾತಿ ಚಿತ್ರ' ಎನ್ನುತ್ತಾರೆ. ಊರಿನ ಹೆಂಗಸರು ನೆಲದ ಮೇಲೆ ಕುಳಿತು ಕಾಗದದ ವೃತ್ತಗಳನ್ನು ಜೋಡಿಸುತ್ತಾರೆ. ಮುಖ್ಯವಾದ ಸಂಸ್ಥೆಗೆ ದೊಡ್ಡ ವೃತ್ತ, ಅಲ್ಲದ್ದಕ್ಕೆ ಚಿಕ್ಕದು. ಸುಲಭವಾಗಿ ಕೈಗೆ ಸಿಗುವುದನ್ನು ಹತ್ತಿರ, ಸಿಗದ್ದನ್ನು ದೂರ ಇಡುತ್ತಾರೆ. ಬ್ಯಾಂಕು ದೊಡ್ಡ ವೃತ್ತವಾಗಿ ಮೂಲೆಯಲ್ಲಿ ಬೀಳಬಹುದು. ಲೇವಾದೇವಿಗಾರ ಮನೆ ಬಾಗಿಲಿಗೇ ಬಂದು ಕೂರಬಹುದು. ನಡುರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತೆರೆಯುವವನು ಅವನೇ. ಗಂಡಸರು ಬೇರೆಯಾಗಿ ಕುಳಿತರೆ ಚಿತ್ರವೇ ಬೇರೆಯಾಗುತ್ತದೆ. ಯಾವ ವರದಿಯೂ ಇದನ್ನು ಇಷ್ಟು ನೇರವಾಗಿ ಹೇಳಲಾರದು ಎಂಬುದು ನಮ್ಮ ಅನಿಸಿಕೆ.

ನಮ್ಮ ನಾಡಿನದೇ ಒಂದು ಉದಾಹರಣೆ ನೋಡೋಣ. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಹಳ್ಳಿಯ ಬಡವರ ನಡುವೆ ಸಹಕಾರ ಸಂಘಗಳನ್ನು ಕಟ್ಟಿತು. 1984-85ರಲ್ಲಿ ಅವುಗಳಲ್ಲಿ ಹಲವು ಒಡೆದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಆದರೆ ಕೆಲವರು ತಮ್ಮಲ್ಲೇ ಚಿಕ್ಕ ಗುಂಪುಗಳಾಗಿ ಬಂದು, ಸಾಲ ತೀರಿಸಲು ಸಿದ್ಧ, ದೊಡ್ಡ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ನೀವು ನಮಗೆ ಋಣಿಗಳಲ್ಲ, ನಿಮ್ಮನಿಮ್ಮಲ್ಲೇ ಋಣಿಗಳು ಎಂದು ಸಂಸ್ಥೆ ಉತ್ತರಿಸಿತು. 1986-87ರ ಹೊತ್ತಿಗೆ ಇಂಥ ಗುಂಪುಗಳು ಸುಮಾರು 300 ಆದವು.

ಆಗ ಯಾರೂ ಕಾಗದದಲ್ಲಿ ವೃತ್ತ ಬರೆದಿರಲಿಲ್ಲ, ನಿಜ. ಸಹಭಾಗಿ ಸಮೀಕ್ಷೆಯನ್ನು ಮೈರಾಡ ಕೈಗೆತ್ತಿಕೊಂಡದ್ದು ಆಮೇಲೆ. ಆದರೂ ಕಂಡದ್ದು ನಕ್ಷೆಯಲ್ಲಿ ಕಾಣುವಂಥದೇ: ನಂಬಿಕೆ ಎಲ್ಲಿದೆ, ಹಣ ಎಲ್ಲಿದೆ, ಇವೆರಡರ ನಡುವೆ ಸೇತುವೆ ಇಲ್ಲ. 1987ರಲ್ಲಿ ನಬಾರ್ಡ್ ಈ ಗುಂಪುಗಳ ಉಳಿತಾಯಕ್ಕೆ ಸರಿಸಮವಾಗಿ ಹಣ ಸೇರಿಸಲು, ತರಬೇತಿ ಕೊಡಲು 10 ಲಕ್ಷ ರೂಪಾಯಿ ಅನುದಾನ ನೀಡಿತು. ಹೊಸ ಕಟ್ಟಡಕ್ಕಲ್ಲ, ಹೊಸ ಸಂಘಕ್ಕೂ ಅಲ್ಲ, ಆಗಲೇ ಇದ್ದ ನಂಬಿಕೆ ಬಲಗೊಳ್ಳಲಿ ಎಂದು. 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ ಆರಂಭಿಸಿತು. ಇಂದು ದೇಶದ ಹಳ್ಳಿಹಳ್ಳಿಯಲ್ಲೂ 'ಸಂಘ' ಎಂದರೆ ಎಲ್ಲರಿಗೂ ಗೊತ್ತು.

ಪ್ರಿಯರೇ, ಇಂಥ ನಕ್ಷೆಗೆ ಅಪಾಯಗಳೂ ಇವೆ. ಪಟ್ಟಣದ ಕೋಣೆಯಲ್ಲಿ ಕುಳಿತು ಬರೆದರೆ ನೋಂದಣಿಯಾದ ಸಂಸ್ಥೆಗಳಷ್ಟೇ ಕಾಣುತ್ತವೆ. ಚೀಟಿ ನಡೆಸುವ ಅಕ್ಕ, ಹೆರಿಗೆಗೆ ಓಡಿ ಬರುವ ಅಜ್ಜಿ ಕಾಣುವುದಿಲ್ಲ. ಖಾಲಿ ಕಂಡ ಜಾಗವೆಲ್ಲ ಕೊರತೆಯೂ ಅಲ್ಲ. ಯಾರು ಯಾರಿಗೆ ಸಾಲಗಾರರು ಎಂಬುದು ಬರಹಕ್ಕೆ ಬಂದರೆ ಬಡವರಿಗೆ ತೊಂದರೆಯಾಗಬಹುದು, ಆದ್ದರಿಂದ ಹೆಸರುಗಳನ್ನು ಬಿಡುವುದೇ ಲೇಸು. ಮೂಲಪ್ರತಿ ಊರಿನವರ ಬಳಿಯೇ ಇರಲಿ, ದಾನಿಗಳಿಗೆ ನಕಲು ಸಾಕು. ಮೂಲೆಯಲ್ಲಿ ತಾರೀಖು ಬರೆದಿಡಿ. ಬ್ಯಾಂಕಿನ ಶಾಖೆ ಮುಚ್ಚಬಹುದು, ಅನುದಾನ ನಿಲ್ಲಬಹುದು, ಮುಂದಿನ ವರ್ಷ ವೃತ್ತಗಳನ್ನು ಮತ್ತೆ ಜೋಡಿಸಬೇಕಾಗುತ್ತದೆ.