ಅಕ್ಷರ ಬಾರದ ಅಮ್ಮ ಓದಿದ ಗೋಡೆ

ನಮ್ಮ ಅಮ್ಮ ಹೆಬ್ಬೆಟ್ಟು ಒತ್ತುತ್ತಿದ್ದವಳು. ಆದರೂ ನನಗೆ ಹತ್ತು ವರ್ಷವಿದ್ದಾಗ ಅಮೃತಾಪುರದ ದೇವಸ್ಥಾನಕ್ಕೆ ಕರೆದೊಯ್ದು, ಗೋಡೆಯ ಮುಂದೆ ನಿಲ್ಲಿಸಿ ಇಡೀ ರಾಮಾಯಣ ಓದಿ ಹೇಳಿದ್ದಳು. ಕಳೆದ ಬೇಸಿಗೆ ರಜೆಯಲ್ಲಿ ಐದನೇ ಕ್ಲಾಸಿನ ಮೊಮ್ಮಗನನ್ನು ಕರೆದುಕೊಂಡು ನಮ್ಮ ಚೌಳಹಿರಿಯೂರಿನಿಂದ ಹೊರಟೆ. ಕಡೂರು, ಬೀರೂರು, ತರೀಕೆರೆ. ಅಲ್ಲಿಂದ ತೋಟಗಳ ನಡುವೆ ಅಮೃತಾಪುರ.

ದೇವಸ್ಥಾನವೆಂದ ಮೇಲೆ ಪ್ರದಕ್ಷಿಣೆ ತಾನೆ? ಹುಡುಗ ಬಲಕ್ಕೆ ಸುತ್ತದೆ ಮುಂಬಾಗಿಲಿನಿಂದ ರೂಢಿಯಂತೆ ದಕ್ಷಿಣಕ್ಕೆ ಹೊರಟ. ಮಂಟಪದ ಮೋಟುಗೋಡೆಯ ಉದ್ದಕ್ಕೂ ಗೇಣುದ್ದದ ಶಿಲ್ಪಗಳ ಸಾಲು. ಸ್ವಲ್ಪ ಹೊತ್ತು ನೋಡಿ ಕೇಳಿದ: “ತಾತ, ಯುದ್ಧ ಮುಗಿಸಿ ಆಮೇಲೆ ಕಾಡಿಗೆ ಹೋಗ್ತಾರಾ?”

ತಪ್ಪು ಅವನದಲ್ಲ. ಹೊಯ್ಸಳರ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತದೆ. ಇಲ್ಲಿ ದಕ್ಷಿಣ ಗೋಡೆಯ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ನಡೆಯುತ್ತದೆ. ಗೋಡೆಗೆ ಎದುರಾಗಿ ನಿಂತರೆ, ನಿಮ್ಮ ಪಾಠಪುಸ್ತಕದ ಸಾಲಿನಂತೆ ಎಡದಿಂದ ಬಲಕ್ಕೆ. ಉತ್ತರದ ಗೋಡೆಯಲ್ಲಿ ಬಲದಿಂದ ಎಡಕ್ಕೆ. “ಹಿಂದಕ್ಕೆ ಹೋಗಿ ಶುರು ಮಾಡಬೇಕು ಕಣೋ” ಎಂದು ಅಮ್ಮ ಹೇಳಿದ್ದು ಆಗ ನೆನಪಾಯಿತು.

ನಾನು ಲೆಕ್ಕದವನು, ಅಭ್ಯಾಸ ಬಿಡುವುದಿಲ್ಲ. ರಾಮಾಯಣಕ್ಕೆ 70 ಫಲಕ, ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಒಟ್ಟು 140. ಎರಡೂ ಬದಿಗೆ ಎಪ್ಪತ್ತೆಪ್ಪತ್ತು, ಬ್ಯಾಲೆನ್ಸ್ ಸರಿಹೋಯಿತು!

ಗುಡಿ ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ, 1196ರಲ್ಲಿ. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ತಾಗುತ್ತ ಗಟ್ಟಿ. ಒಳಗಿನ ಕಂಬಗಳು ಚಕ್ರಕ್ಕೆ ಕೊಟ್ಟು ಕಡೆದಷ್ಟು ನುಣುಪು. ಕತ್ತೆತ್ತಿದರೆ ಕವುಚಿಟ್ಟ ಬಟ್ಟಲಿನಂಥ ಭುವನೇಶ್ವರಿಗಳು, ಅಂದರೆ ಕೆತ್ತನೆಯ ಚಾವಣಿಗಳು. ಅವುಗಳಲ್ಲಿ ಕೆಲಸ ಮಾಡಿದವನು ರೂವಾರಿ ಮಲ್ಲಿತಮ್ಮ. ಅವನ ಕಸುಬು ಶುರುವಾದದ್ದೇ ಇಲ್ಲಿ ಎನ್ನುತ್ತಾರೆ. ಮುಂದೆ 1246ರಲ್ಲಿ ನುಗ್ಗೇಹಳ್ಳಿ, 1258ರಲ್ಲಿ ಸೋಮನಾಥಪುರ, ಅಲ್ಲೆಲ್ಲ ಅವನ ಹೆಸರಿದೆ. ಅರವತ್ತು ವರ್ಷಕ್ಕೂ ಮಿಕ್ಕಿ ಉಳಿ ಹಿಡಿದ ಕೈ! ನಮ್ಮನ್ನೆಲ್ಲ ಅರವತ್ತಕ್ಕೇ ಮನೆಗೆ ಕಳಿಸಿದರು.

ಗೋಡೆಯ ಮೇಲೆ ಕಥೆ ಹೇಳುವ ಉಪಾಯ ನಮ್ಮ ನಾಡಿಗಷ್ಟೇ ಹೊಳೆದದ್ದಲ್ಲ, ಮಕ್ಕಳೇ. ಇಲ್ಲಿ ಉಳಿಯ ಸದ್ದು ಕೇಳುತ್ತಿದ್ದಾಗ ಇಟಲಿಯ ಅಸಿಸಿಯಲ್ಲಿ ಬಟ್ಟೆ ವ್ಯಾಪಾರಿಯ ಮಗನೊಬ್ಬ ಹದಿನಾಲ್ಕು ಹದಿನೈದರ ಹುಡುಗ. ಮುಂದೆ ಎಲ್ಲ ಬಿಟ್ಟು ಬಡವರ ಜೊತೆ ಬಾಳಿದ ಸಂತ ಫ್ರಾನ್ಸಿಸ್ ಅವನೇ. ಅವನು ತೀರಿಕೊಂಡ ಎರಡೇ ವರ್ಷಕ್ಕೆ, 1228ರಲ್ಲಿ, ಅವನ ಹೆಸರಿನ ಚರ್ಚಿಗೆ ಅಡಿಗಲ್ಲು ಬಿತ್ತು. ಒಂದರ ಮೇಲೊಂದು ಎರಡು ಚರ್ಚು. ಮೇಲಿನದರ ಗೋಡೆಗಳಲ್ಲಿ ಅವನ ಬದುಕಿನ 28 ಚಿತ್ರ, ಹಸಿ ಗಾರೆಯ ಮೇಲೆ ಬಣ್ಣ ಹಾಕಿದ್ದು. ಒಂದರಲ್ಲಿ ಅವನು ಹಕ್ಕಿಗಳಿಗೆ ಉಪದೇಶ ಮಾಡುತ್ತಿದ್ದಾನೆ. ಬರೆದವನು ಜೊತ್ತೊ ಎಂಬ ಕಲಾವಿದ ಎಂದು ಹಿಂದಿನಿಂದ ಹೇಳಿಕೆ. ಅಲ್ಲವೆನ್ನುವ ಪಂಡಿತರೂ ಇದ್ದಾರೆ. 1997ರ ಭೂಕಂಪದಲ್ಲಿ ಚಾವಣಿ ಕುಸಿದು ನಾಲ್ವರು ಸತ್ತರು. ಪುಡಿಯಾದ ಚಾವಣಿಯ ಚಿತ್ರಗಳ ಚೂರುಗಳನ್ನು ಆರಿಸಿ ಕೂಡಿಸಿದರು. ಎರಡು ವರ್ಷಕ್ಕೆ ಬಾಗಿಲು ಮತ್ತೆ ತೆರೆಯಿತು. ಅಲ್ಲಿಯೂ ಅಕ್ಷರ ಬಾರದ ಎಷ್ಟು ಅಮ್ಮಂದಿರು ಮಕ್ಕಳಿಗೆ ಗೋಡೆ ಓದಿ ಹೇಳಿದ್ದಾರೋ!

ಅಮೃತಾಪುರದಲ್ಲಿ ದೊಡ್ಡದೊಂದು ಶಿಲಾಶಾಸನವೂ ಇದೆ. ಅದರ ಕವಿ ‘ಯಶೋಧರ ಚರಿತೆ’ ಬರೆದ ಜನ್ನ. ಮೊಮ್ಮಗ, “ಓದಿ ತಾತ” ಎಂದ. ಬಿಕಾಂ ಮಾಡಿ ವರ್ಷಗಟ್ಟಲೆ ಲೆಡ್ಜರ್ ಓದಿದ ನನಗೆ ಆ ಹಳೆಯ ಲಿಪಿಯ ಒಂದು ಸಾಲೂ ಹತ್ತಲಿಲ್ಲ. ಉತ್ತರದ ಗೋಡೆಯಲ್ಲಿ ಕೃಷ್ಣನ ಆಟಗಳೆಲ್ಲ ಗುರುತು ಸಿಕ್ಕವು. ಮಹಾಭಾರತಕ್ಕೆ ಬಂದಾಗ ಮತ್ತೆ ತಡವರಿಸಿದೆ. “ಇವರ್‍ಯಾರು?” ಎಂದರೆ ಉತ್ತರವಿಲ್ಲ. ಅಮ್ಮ ಇದನ್ನೂ ಹೇಳಿದ್ದಳು. ಆ ಹೊತ್ತಿಗೆ ನನ್ನ ಕಣ್ಣು ಹೊರಗಿನ ಕಡಲೆಪುರಿ ಅಂಗಡಿಯ ಮೇಲಿತ್ತು.

ದಸರಾ ರಜೆಗೆ ಮತ್ತೆ ಹೋಗುವುದೆಂದು ಇಬ್ಬರೂ ಗೊತ್ತು ಮಾಡಿಕೊಂಡಿದ್ದೇವೆ. ಗುರುತು ಸಿಗದ ಫಲಕಗಳ ಪಟ್ಟಿ ಅವನ ನೋಟ್‌ಬುಕ್ಕಿನಲ್ಲಿದೆ. ನಾನು ಸಂಜೆ ಹೊತ್ತು ಭಾರತ ಓದಲು ಕೂತಿದ್ದೇನೆ, ಸದ್ಯಕ್ಕೆ ಆದಿಪರ್ವ.